ಬಡಿದ ಮೇಲೆ ಶುರುವಾಗುವ ವಾದ್ಯ

ಅಡುಗೆಮನೆಯಲ್ಲಿ ಲಟ್ಟಣಿಗೆ ಕೈಜಾರಿ ಬಿದ್ದರೆ ‘ಟಕ್’ ಎಂದು ಒಂದೇ ಸದ್ದು, ಅಲ್ಲಿಗೆ ಮುಗಿಯಿತು. ಅದೇ ಸ್ಟೀಲ್ ತಟ್ಟೆ ಬಿದ್ದರೆ ಕಥೆಯೇ ಬೇರೆ. ನೆಲಕ್ಕೆ ತಾಗಿದ್ದು ಒಂದೇ ಕ್ಷಣವಾದರೂ ತಟ್ಟೆ ಝಣಝಣ ಎನ್ನುತ್ತಲೇ ಇರುತ್ತದೆ. ಒಳಕೋಣೆಯಲ್ಲಿ ಮಗು ಮಲಗಿದ್ದರಂತೂ ಯಾರಾದರೂ ಓಡಿಬಂದು ಅದರ ಮೇಲೆ ಅಂಗೈ ಇಡುತ್ತಾರೆ, ಸದ್ದು ಥಟ್ಟನೆ ಅಡಗುತ್ತದೆ. ಮರ ಒಮ್ಮೆ ಸದ್ದು ಮಾಡಿ ಸುಮ್ಮನಾಗುತ್ತದೆ, ಲೋಹ ಮೊಳಗುತ್ತಾ ಉಳಿಯುತ್ತದೆ, ಕೈ ಇಟ್ಟರೆ ನಿಲ್ಲುತ್ತದೆ. ಇಷ್ಟು ಬಲ್ಲವರಿಗೆ ವೈಬ್ರಫೋನ್ ಎಂಬ ವಾದ್ಯದ ಅರ್ಧ ಶಾಸ್ತ್ರ ಆಗಲೇ ತಿಳಿದಂತೆ.

ಹೆಸರು ಕೇಳಿರದಿದ್ದರೂ ಇದರ ದನಿ ಕಿವಿಗೆ ಬೀಳದವರು ಕಡಿಮೆ. ಹಳೆಯ ಹಿಂದಿ ಸಿನಿಮಾಗಳ ನೈಟ್‌ಕ್ಲಬ್ ದೃಶ್ಯಗಳಲ್ಲಿ, ಕನಸಿನ ಸನ್ನಿವೇಶಗಳಲ್ಲಿ, ಜಾಝ್ ಸಂಗೀತದ ಧ್ವನಿಮುದ್ರಿಕೆಗಳಲ್ಲಿ ಗುಂಡಗೆ, ತಂಪಾಗಿ, ಕೊಳದ ನೀರಿನ ಉಂಗುರದಂತೆ ಅಗಲವಾಗುತ್ತಾ ಹೋಗುವ ಒಂದು ಲೋಹದ ದನಿ ಇರುತ್ತದಲ್ಲ, ಅದೇ ಇದು. ನೋಡಲು ಸೊಂಟದೆತ್ತರದ ಉದ್ದನೆಯ ಮೇಜಿನಂತಿರುತ್ತದೆ. ಮೇಲೆ ಹಾರ್ಮೋನಿಯಂನ ಬಿಳಿ–ಕಪ್ಪು ಮನೆಗಳ ಕ್ರಮದಲ್ಲೇ ಎರಡು ಸಾಲು ಅಲ್ಯೂಮಿನಿಯಂ ಪಟ್ಟಿಗಳು. ಸಾಮಾನ್ಯ ವಾದ್ಯದಲ್ಲಿ ಮೂರು ಸ್ಥಾಯಿಗೆ ಒಟ್ಟು 37. ಪ್ರತಿ ಪಟ್ಟಿಯ ಕೆಳಗೂ ಒಂದೊಂದು ಕೊಳವೆ ಇಳಿಬಿದ್ದಿರುತ್ತದೆ. ಕೊಳವೆಗಳ ಬಾಯಲ್ಲಿ ಮೋಟಾರಿನಿಂದ ತಿರುಗುವ ಪುಟ್ಟ ಬಿಲ್ಲೆಗಳು, ನುಡಿಸುವವರ ಕಾಲಡಿಯಲ್ಲಿ ಒಂದು ಪೆಡಲ್. ನೂಲು ಸುತ್ತಿದ ಗುಂಡುತಲೆಯ ಕೋಲುಗಳಿಂದ ಪಟ್ಟಿಗಳನ್ನು ಬಡಿದು ನುಡಿಸುತ್ತಾರೆ. ಜಾಝ್ ಮಂದಿ ಇದನ್ನು ಮೊಟಕಾಗಿ ‘ವೈಬ್ಸ್’ ಎನ್ನುತ್ತಾರೆ.

ಹೆಸರಿನಲ್ಲೇ ಕಂಪನ ಇದೆ. ಮೋಟಾರು ತಿರುಗಿದಾಗ ದನಿಯಲ್ಲಿ ಮೂಡುವ ಅಲೆಯಾಟದಿಂದಲೇ ವಾದ್ಯಕ್ಕೆ ಈ ಹೆಸರು ಬಂತು, ಅದರ ಸೊಗಸಿಗೂ ಅದೇ ಕಾರಣ ಎಂದು ಎಲ್ಲರೂ ನಂಬಿದ್ದಾರೆ. ಆದರೆ ವಾದ್ಯದ ರಚನೆಯನ್ನೂ ಅದು ಬೆಳೆದುಬಂದ ಬಗೆಯನ್ನೂ ಜೊತೆಗಿಟ್ಟು ನೋಡಿದರೆ ಸೊಗಸಿನ ಬಗೆಗಿನ ಈ ನಂಬಿಕೆ ನಿಲ್ಲುವುದಿಲ್ಲ. ವೈಬ್ರಫೋನಿನ ಆಕರ್ಷಣೆ ಇರುವುದು ಸ್ವರ ಹುಟ್ಟಿದ ಮೇಲಿನ ಬಾಳಿನಲ್ಲಿ. ಹುಟ್ಟಿದ ಸ್ವರ ಎಷ್ಟು ಹೊತ್ತು ಉಳಿಯಬೇಕು, ಯಾವುದು ಯಾವುದರ ಜೊತೆ ಉಳಿಯಬೇಕು, ಹೇಗೆ ಮುಗಿಯಬೇಕು ಎಂಬ ತೀರ್ಮಾನ ನುಡಿಸುವವರ ಕೈಗೂ ಕಾಲಿಗೂ ಸಿಕ್ಕ ಮೇಲೆಯೇ ಇದು ವಾದ್ಯವಾಯಿತು. ಅದಕ್ಕೆ ಮೊದಲು ಇದೊಂದು ಆಟಿಕೆಯಾಗಿತ್ತು.

ಪಟ್ಟಿಯ ಹೊಟ್ಟೆಯಲ್ಲಿ ಕಮಾನು

ಮೊದಲು ಪಟ್ಟಿಯನ್ನೇ ನೋಡೋಣ. ಮೇಲಿನಿಂದ ಸಪಾಟಾಗಿ ಕಾಣುವ ಇದನ್ನು ತಿರುಗಿಸಿದರೆ ನಡುಭಾಗವನ್ನು ಕಮಾನಿನಂತೆ ಕೆತ್ತಿ ತೆಗೆದಿರುವುದು ಕಾಣುತ್ತದೆ. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಯಾವುದೇ ಪಟ್ಟಿಯನ್ನು ಬಡಿದಾಗ ಅದು ಒಂದೇ ಬಗೆಯಲ್ಲಿ ಕಂಪಿಸುವುದಿಲ್ಲ. ಇಡಿಯಾಗಿ ಬಾಗುವ ಮೂಲ ಕಂಪನದ ಜೊತೆಗೇ ಅದಕ್ಕಿಂತ ವೇಗದ ಉಪಕಂಪನಗಳೂ ಏಳುತ್ತವೆ. ಉದ್ದಕ್ಕೂ ಒಂದೇ ದಪ್ಪವಿರುವ ಪಟ್ಟಿಯಲ್ಲಿ ಮೂಲ ಕಂಪನ ಸೆಕೆಂಡಿಗೆ 100 ಎಂದಿಟ್ಟುಕೊಂಡರೆ ಎರಡನೆಯದು ಸುಮಾರು 276. ಈ ಎರಡಕ್ಕೂ ಸಂಗೀತದ ನಂಟಿಲ್ಲ; ಒಟ್ಟಿಗೆ ಕೇಳಿದರೆ ಕಬ್ಬಿಣ ಕುಟ್ಟಿದಂತಿರುತ್ತದೆ. ನಡುಭಾಗವನ್ನು ಕೆತ್ತಿದಾಗ ಮೂಲ ಕಂಪನ ಹೆಚ್ಚು ತಗ್ಗುತ್ತದೆ, ಎರಡನೆಯದು ಅಷ್ಟಾಗಿ ತಗ್ಗುವುದಿಲ್ಲ. ಹೀಗೆ ಎರಡರ ನಡುವಿನ ಅಂತರವನ್ನು ಹಿಗ್ಗಿಸುತ್ತಾ ಹೋಗಿ ಸರಿಯಾಗಿ 100ಕ್ಕೆ 400ರ ಲೆಕ್ಕಕ್ಕೆ ತಂದು ನಿಲ್ಲಿಸುತ್ತಾರೆ. ನಾಲ್ಕು ಪಟ್ಟು ಎಂದರೆ ಎರಡು ಸ್ಥಾಯಿ ಮೇಲಿನ ಅದೇ ಸ್ವರ. ಕೆಳಗೊಂದು ಷಡ್ಜ, ಎರಡು ಮಹಡಿ ಮೇಲೆ ಇನ್ನೊಂದು ಷಡ್ಜ, ನಡುವೆ ಜಗಳವಿಲ್ಲ.

ಪಟ್ಟಿಯನ್ನು ಎಲ್ಲಿ ಹಿಡಿದಿಡುತ್ತಾರೆ ಎಂಬುದರಲ್ಲೂ ಇದೇ ಎಚ್ಚರವಿದೆ. ಎರಡೂ ತುದಿಗಳಿಂದ ಉದ್ದದ ಸುಮಾರು ಶೇ 22ರಷ್ಟು ಒಳಗೆ ಪಟ್ಟಿ ಬಹುತೇಕ ಅಲುಗದ ಒಂದೊಂದು ಗೆರೆ ಇರುತ್ತದೆ. ಅಲ್ಲಿಯೇ ತೂತು ಕೊರೆದು ದಾರ ಪೋಣಿಸಿ ಪಟ್ಟಿಯನ್ನು ತೂಗುಹಾಕುತ್ತಾರೆ. ಅಲುಗದ ಜಾಗದಲ್ಲಿ ಹಿಡಿದರೆ ಕಂಪನಕ್ಕೆ ಅಡ್ಡಿಯಾಗುವುದಿಲ್ಲ. ಮರದ ಪಟ್ಟಿಗಳ ಮರಿಂಬಾದಲ್ಲೂ ಈ ಕೆತ್ತನೆ, ಈ ತೂತು, ಈ ದಾರ ಎಲ್ಲವೂ ಇವೆ. ಆದರೆ ಮರದ ಒಳಗಿನ ಎಳೆಗಳ ತಿಕ್ಕಾಟದಲ್ಲಿ ಕಂಪನದ ಶಕ್ತಿ ಬೇಗ ಕರಗಿಹೋಗುತ್ತದೆ. ಅಲ್ಯೂಮಿನಿಯಂನಲ್ಲಿ ಅಂಥ ತಿಕ್ಕಾಟ ತೀರಾ ಕಡಿಮೆ. ಹೀಗಾಗಿ ಒಮ್ಮೆ ಬಡಿದ ಮಂದ್ರದ ಪಟ್ಟಿ ಹಲವು ಸೆಕೆಂಡು ಮೊಳಗುತ್ತಲೇ ಇರುತ್ತದೆ. ಲಟ್ಟಣಿಗೆಗೂ ತಟ್ಟೆಗೂ ಇರುವ ವ್ಯತ್ಯಾಸವೇ ಮರಿಂಬಾಕ್ಕೂ ವೈಬ್ಸ್‌ಗೂ ಇರುವುದು.

ಕೊಳವೆ ಮತ್ತು ಕಣಜ

ಪಟ್ಟಿಯೊಂದೇ ಇದ್ದರೆ ದನಿ ಸಣ್ಣದು. ಅದನ್ನು ದೊಡ್ಡದು ಮಾಡುವುದು ಕೆಳಗಿನ ಕೊಳವೆ. ಇದರ ಬಾಯಿ ತೆರೆದಿರುತ್ತದೆ, ತಳ ಮುಚ್ಚಿರುತ್ತದೆ. ಒಳಗಿನ ಗಾಳಿ ಪಟ್ಟಿಯ ಮೂಲ ಸ್ವರಕ್ಕೆ ಸ್ಪಂದಿಸಬೇಕಾದರೆ ಕೊಳವೆಯ ಆಳ ಆ ಸ್ವರದ ಅಲೆಯುದ್ದದ ಕಾಲುಭಾಗ ಇರಬೇಕು. ಸೆಕೆಂಡಿಗೆ ಸುಮಾರು 175 ಬಾರಿ ಕಂಪಿಸುವ ಅತಿ ತಗ್ಗಿನ ಪಟ್ಟಿಗೆ ಇದು ಸುಮಾರು 49 ಸೆಂಟಿಮೀಟರ್. ಅದಕ್ಕಿಂತ ಮೂರು ಸ್ಥಾಯಿ ಮೇಲಿನ ಕೊನೆಯ ಪಟ್ಟಿಗೆ ಬರೀ 6 ಸೆಂಟಿಮೀಟರ್. ಮುಂದಿನ ಸಾಲಿನ ಕೊಳವೆಗಳು ಕಮಾನಿನಾಕಾರದಲ್ಲಿ ಜೋಡಿಸಿದಂತೆ ಕಂಡರೆ ಅದು ಪ್ರೇಕ್ಷಕರ ಕಣ್ಣಿಗೆ ಮಾಡಿದ ಅಲಂಕಾರ; ನಿಜವಾದ ಆಳವನ್ನು ಒಳಗೆ ಕೂರಿಸಿದ ಬಿರಡೆ ತೀರ್ಮಾನಿಸಿರುತ್ತದೆ.

ಇಂಥ ಕೊಳವೆಗೆ ಒಂದು ಗುಣವಿದೆ. ಮೂಲ ಸ್ವರದ ಒಂದು, ಮೂರು, ಐದು ಹೀಗೆ ಬೆಸ ಪಟ್ಟುಗಳಿಗೆ ಮಾತ್ರ ಅದು ಓಗೊಡುತ್ತದೆ. ಪಟ್ಟಿಯ ಎರಡನೆಯ ಕಂಪನವನ್ನು ಮೂಲದ ನಾಲ್ಕು ಪಟ್ಟಾಗಿಸಿರುವುದರಿಂದ ಅದಕ್ಕೆ ಕೊಳವೆಯ ನೆರವು ಸಿಗುವುದಿಲ್ಲ. ಬಡಿದ ಕ್ಷಣದಲ್ಲಿ ಕಿಣಿ ಎಂದು ಮಿನುಗಿ ಮರೆಯಾಗುತ್ತದೆ. ಉಳಿದುಕೊಳ್ಳುವುದು ಮೂಲ ಸ್ವರ ಮಾತ್ರ. ವೈಬ್ಸ್‌ನ ದನಿ ಅಷ್ಟು ನಯವಾಗಿ, ಸಿಪ್ಪೆ ಸುಲಿದ ಹಣ್ಣಿನಂತೆ ಕೇಳಿಸಲು ಇದೇ ಕಾರಣ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕೋಲಿನ ಒಂದು ಏಟು ಎಂದರೆ ಕಣಜಕ್ಕೆ ಒಮ್ಮೆ ತುಂಬಿದ ಕಾಳು. ಆಮೇಲೆ ಬರೀ ಖರ್ಚು. ಪಿಟೀಲಿಗೆ ಕಮಾನು ಎಳೆಯುತ್ತಾ ಶಕ್ತಿ ತುಂಬಬಹುದು, ಕೊಳಲಿಗೆ ಉಸಿರು ಕೊಡುತ್ತಲೇ ಇರಬಹುದು. ಬಡಿದ ಪಟ್ಟಿಗೆ ಆ ಭಾಗ್ಯವಿಲ್ಲ. ಕೊಳವೆ ದನಿಯನ್ನು ಜೋರು ಮಾಡುವುದು ಕಾಳನ್ನು ಬೇಗ ಬೇಗ ಹಂಚಿಬಿಡುವುದರಿಂದ. ಆದ್ದರಿಂದ ಕೊಳವೆಯ ಬಾಯಿ ತೆರೆದಿದ್ದಾಗ ಸ್ವರ ದೊಡ್ಡದು, ಬಾಳು ಕಿರಿದು. ಮುಚ್ಚಿದ್ದಾಗ ಸ್ವರ ಸಣ್ಣದು, ಬಾಳು ಹಿರಿದು.

ಮೋಟಾರು ಕೊಟ್ಟ ಹೆಸರು

ಈಗ ಮೋಟಾರಿನ ಸರದಿ. ಕೊಳವೆಗಳ ಬಾಯಿಗೆ ಸರಿಯಾಗಿ ಒಂದು ಉದ್ದನೆಯ ಸಲಾಕೆ ಹಾದುಹೋಗುತ್ತದೆ, ಅದರ ಮೇಲೆ ಪ್ರತಿ ಕೊಳವೆಗೊಂದು ಬಿಲ್ಲೆ. ಬಿಲ್ಲೆ ಅಡ್ಡ ಬಂದಾಗ ಬಾಯಿ ಮುಚ್ಚುತ್ತದೆ, ನೆಟ್ಟಗಾದಾಗ ತೆರೆಯುತ್ತದೆ. ಒಂದು ಸುತ್ತಿಗೆ ಎರಡು ಸಲ ತೆರೆ, ಎರಡು ಸಲ ಮುಚ್ಚು. ದನಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಹಾಡುಗಾರರ ದನಿಯ ನಡುಕದಲ್ಲಿ ಶ್ರುತಿಯೇ ಮೇಲೆ ಕೆಳಗೆ ಆಡುತ್ತದೆ. ಇಲ್ಲಿ ಶ್ರುತಿ ಕದಲುವುದಿಲ್ಲ, ದನಿಯ ಪ್ರಮಾಣ ಮಾತ್ರ ಹೆಚ್ಚು ಕಡಿಮೆಯಾಗುತ್ತದೆ.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿದ್ದ ಲೀಡಿ ಎಂಬ ವಾದ್ಯ ಕಂಪನಿಯಲ್ಲಿ ಹರ್ಮನ್ ವಿಂಟರ್‌ಹಾಫ್ ಎಂಬಾತ ಈ ಪ್ರಯೋಗಕ್ಕೆ ಕೈಹಾಕಿದ. ಮನುಷ್ಯಕಂಠದ ಮಿಡಿತವನ್ನು ಲೋಹದಿಂದ ಹೊರಡಿಸಬೇಕು ಎಂಬುದು ಆಸೆ. 1920ರ ದಶಕದ ಮೊದಲ ವರ್ಷಗಳಲ್ಲಿ ವಾದ್ಯ ರೂಪುಗೊಂಡಿತು, ‘ವೈಬ್ರಫೋನ್’ ಎಂಬ ಹೆಸರೂ ಬಂತು. 1924ರಲ್ಲಿ ‘ಸಿನ್ಯೋರ್ ಫ್ರಿಸ್ಕೊ’ ಎಂಬ ರಂಗನಾಮದ ಲೂಯಿ ಫ್ರಾಂಕ್ ಚೀಹಾ ಅದನ್ನು ನುಡಿಸಿ ಗ್ರಾಮಫೋನ್ ತಟ್ಟೆಗೆ ಇಳಿಸಿದ. ಆದರೆ ಆ ವಾದ್ಯದ ಪಟ್ಟಿಗಳು ಉಕ್ಕಿನವು, ಮತ್ತು ಅದಕ್ಕೆ ಪೆಡಲ್ ಇರಲಿಲ್ಲ. ಬಡಿದ ಸ್ವರಗಳೆಲ್ಲ ತಾವಾಗಿ ಸುಸ್ತಾಗುವವರೆಗೆ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತಿದ್ದವು. ವಿವಿಧ ವಿನೋದಾವಳಿಯ ರಂಗದಲ್ಲಿ ಜನರನ್ನು ಬೆರಗುಗೊಳಿಸಲು ಅಷ್ಟು ಸಾಕಿತ್ತು. ಅದರಲ್ಲಿ ಸಂಗೀತದ ಮಾತು ಕಟ್ಟಲು ಸಾಧ್ಯವಿರಲಿಲ್ಲ, ಏಕೆಂದರೆ ಪದಗಳ ನಡುವೆ ಬಿಡುವೇ ಇರಲಿಲ್ಲ.

ಪೆಡಲ್ ತಂದ ತಿರುವು

1927ರಲ್ಲಿ ಷಿಕಾಗೊದ ಡೀಗನ್ ಕಂಪನಿಯ ಶ್ರುತಿಗಾರ ಹೆನ್ರಿ ಷ್ಲೂಟರ್ ಪ್ರತಿಸ್ಪರ್ಧಿ ವಾದ್ಯವೊಂದನ್ನು ಸಿದ್ಧಪಡಿಸಿದ. ಉಕ್ಕಿನ ಜಾಗಕ್ಕೆ ಅಲ್ಯೂಮಿನಿಯಂ ಬಂತು. ಪಟ್ಟಿಯ ಕರ್ಕಶ ಉಪಕಂಪನಗಳನ್ನು ಹದಕ್ಕೆ ತರಲಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಸಾಲು ಪಟ್ಟಿಗಳ ನಡುವೆ ಫೆಲ್ಟ್ ಹೊದಿಸಿದ ಒಂದು ಉದ್ದನೆಯ ಅಡ್ಡಪಟ್ಟಿ ಸೇರಿತು. ಸ್ಪ್ರಿಂಗ್ ಅದನ್ನು ಸದಾ ಪಟ್ಟಿಗಳಿಗೆ ಒತ್ತಿ ಹಿಡಿದಿರುತ್ತದೆ. ಕಾಲಿನಿಂದ ಪೆಡಲ್ ತುಳಿದರೆ ಅದು ಕೆಳಗಿಳಿದು ಪಟ್ಟಿಗಳು ಬಿಡುಗಡೆಯಾಗುತ್ತವೆ, ಕಾಲೆತ್ತಿದರೆ ಎಲ್ಲವೂ ಒಮ್ಮೆಗೇ ಸ್ತಬ್ಧ. ಕಂಪನಿ ಇದಕ್ಕೆ ಇಟ್ಟ ಹೆಸರು ‘ವೈಬ್ರಹಾರ್ಪ್’. ಜನರ ಬಾಯಲ್ಲಿ ಉಳಿದ ಹೆಸರು ಲೀಡಿಯದು, ಜಗತ್ತಿನಲ್ಲಿ ಉಳಿದ ವಾದ್ಯ ಡೀಗನ್‌ನದು. ಇಂದು ಕೊಳ್ಳಲು ಸಿಗುವ ವೈಬ್ರಫೋನುಗಳೆಲ್ಲ ಷ್ಲೂಟರನ ವಿನ್ಯಾಸದ ಮೊಮ್ಮಕ್ಕಳೇ.

ಮುಂದಿನ ಚರಿತ್ರೆ ಓಡಿದ ವೇಗವೇ ಈ ತಿರುವಿನ ಮಹತ್ವಕ್ಕೆ ಸಾಕ್ಷಿ. 1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್‌ನ ವಾದ್ಯವೃಂದದಲ್ಲಿ ಡ್ರಮ್ ಬಾರಿಸುತ್ತಿದ್ದ ಲಯೊನೆಲ್ ಹ್ಯಾಂಪ್ಟನ್ ‘ಮೆಮರೀಸ್ ಆಫ್ ಯೂ’ ಧ್ವನಿಮುದ್ರಣದಲ್ಲಿ ವೈಬ್ಸ್ ನುಡಿಸಿದ. 1936ರ ಹೊತ್ತಿಗೆ ಆತ ಬೆನ್ನಿ ಗುಡ್‌ಮನ್‌ನ ನಾಲ್ವರ ತಂಡದಲ್ಲಿದ್ದ. ಬಿಳಿಯರೂ ಕರಿಯರೂ ಒಂದೇ ವೇದಿಕೆ ಏರುವುದೇ ಅಪರೂಪವಾಗಿದ್ದ ಕಾಲದಲ್ಲಿ ಇಬ್ಬರು ಬಿಳಿಯರು, ಇಬ್ಬರು ಕರಿಯರು ಕೂಡಿ ನುಡಿಸಿದ ತಂಡವದು. ಅತ್ತ ಯುರೋಪಿನಲ್ಲಿ ಆಲ್ಬನ್ ಬರ್ಗ್ ತನ್ನ ಕೊನೆಯ ಆಪೆರಾ ‘ಲುಲು’ವಿನ ವಾದ್ಯವೃಂದಕ್ಕೆ ವೈಬ್ರಫೋನನ್ನು ಸೇರಿಸಿದ್ದ, ಅದು 1937ರಲ್ಲಿ ಜ್ಯೂರಿಕ್‌ನಲ್ಲಿ ರಂಗಕ್ಕೆ ಬಂತು. ಪೆಡಲ್ ಬಂದ ಹತ್ತೇ ವರ್ಷಗಳಲ್ಲಿ ವಿನೋದಾವಳಿಯ ಸಾಮಾನು ಆಪೆರಾದ ಮನೆ ಹೊಕ್ಕಿತ್ತು.

ಮೋಟಾರು ನಿಲ್ಲಿಸಿದವರು

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ವೈಬ್ಸ್ ಎಂದು ನಾವು ಗುರುತು ಹಿಡಿಯುವುದೇ ಆ ಅಲೆಯಾಟದಿಂದಲ್ಲವೇ? ಅದನ್ನು ಕಿತ್ತುಹಾಕಿದರೆ ಉಳಿಯುವುದೇನು? ಈ ಪ್ರಶ್ನೆಗೆ ವಾದಕರೇ ನುಡಿಸಿ ಉತ್ತರ ಕೊಟ್ಟಿದ್ದಾರೆ. ಹ್ಯಾಂಪ್ಟನ್‌ನ ಮೋಟಾರು ಜೋರಾಗಿ ಓಡುತ್ತಿತ್ತು. 1952ರಲ್ಲಿ ಹುಟ್ಟಿದ ಮಾಡರ್ನ್ ಜಾಝ್ ಕ್ವಾರ್ಟೆಟ್‌ನ ಮಿಲ್ಟ್ ಜ್ಯಾಕ್ಸನ್ ಅದನ್ನು ನಿಧಾನಕ್ಕೆ ಇಳಿಸಿದ. ನಡುಕ ಹೋಗಿ ಉಸಿರಾಟದಂತಾಯಿತು. ರೆಡ್ ನಾರ್ವೋ ಮೋಟಾರಿನ ಗೊಡವೆಯೇ ಬೇಡವೆಂದ. 1960ರ ದಶಕದಿಂದ ಗ್ಯಾರಿ ಬರ್ಟನ್ ಕೂಡ ಅದನ್ನು ಆರಿಸಿಟ್ಟೇ ನುಡಿಸಿದ. ಆತ ಹುಟ್ಟಿದ್ದು ವಾದ್ಯ ಹುಟ್ಟಿದ ಇಂಡಿಯಾನಾ ರಾಜ್ಯದಲ್ಲೇ. ಮೋಟಾರು ಇಲ್ಲದೆ ನುಡಿಸಿದಾಗಲೂ ಇದು ವೈಬ್ಸ್ ಅಲ್ಲ ಎಂದು ಯಾರಿಗೂ ಅನ್ನಿಸಲಿಲ್ಲ. ಪೆಡಲನ್ನು ಆ ರೀತಿ ಬಿಟ್ಟುಕೊಟ್ಟು ಹೆಸರು ಮಾಡಿದ ದೊಡ್ಡ ವಾದಕರಿಲ್ಲ.

ಮೋಟಾರಿನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಕರಗುತ್ತಿರುವ ಸ್ವರಕ್ಕೆ ಅದು ಜೀವವಿದ್ದಂತೆ ತೋರಿಸುತ್ತದೆ. ಜ್ಯಾಕ್ಸನ್‌ನ ನಿಧಾನಗತಿಯ ಬ್ಲೂಸ್ ಕೇಳಿದವರು ಇದನ್ನು ಅಲ್ಲಗಳೆಯಲಾರರು. ಆದರೆ ಅಲೆಯಾಟ ಯಾವಾಗ ಕೇಳಿಸುತ್ತದೆ ಎಂದು ಯೋಚಿಸಿ. ಸೆಕೆಂಡಿಗೆ ನಾಲ್ಕು ಅಲೆ ಏಳುವಂತೆ ಮೋಟಾರು ಓಡುತ್ತಿದ್ದು, ಸ್ವರವನ್ನು ಕಾಲು ಸೆಕೆಂಡಿಗಿಂತ ಮೊದಲೇ ಅಡಗಿಸಿದರೆ ಒಂದು ಅಲೆಯೂ ಪೂರ್ತಿಯಾಗುವುದಿಲ್ಲ. ಸ್ವರ ಉಳಿದರೆ ಮಾತ್ರ ಮೋಟಾರಿಗೆ ಕೆಲಸ. ಎಂದರೆ, ಅದು ಕೂಡ ಸ್ವರದ ಬಾಲವನ್ನು ತಿದ್ದುವ ಸಾಧನವೇ, ಪೆಡಲಿನ ಕೈಕೆಳಗಿನ ನೌಕರ.

ನಾಲ್ಕು ಕೋಲು, ಒಂದು ಮೌನ

ಪಿಯಾನೊಕ್ಕೂ ಇಂಥ ಪೆಡಲ್ ಇದೆಯಲ್ಲ, ಇದರಲ್ಲೇನು ಹೆಚ್ಚುಗಾರಿಕೆ ಎಂಬುದು ಎರಡನೆಯ ಆಕ್ಷೇಪ. ವ್ಯತ್ಯಾಸ ಇರುವುದು ಕೈಯ ಕೆಲಸದಲ್ಲಿ. ಪಿಯಾನೊದಲ್ಲಿ ಒಂದೊಂದು ಮನೆಗೂ ತನ್ನದೇ ತಡೆ ಇದೆ. ಬೆರಳೆತ್ತಿದರೆ ಆ ಸ್ವರವೊಂದೇ ತಾನಾಗಿ ನಿಲ್ಲುತ್ತದೆ. ವೈಬ್ಸ್‌ನಲ್ಲಿ ಎಲ್ಲ ಪಟ್ಟಿಗೂ ಸೇರಿ ಒಂದೇ ತಡೆ. ಬಿಟ್ಟರೆ ಎಲ್ಲವನ್ನೂ ಬಿಡಬೇಕು, ಹಿಡಿದರೆ ಎಲ್ಲವನ್ನೂ ಹಿಡಿಯಬೇಕು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಉಳಿಸಬೇಕಾದರೆ ಕೋಲನ್ನೇ ಬಳಸಬೇಕು. ಪೆಡಲ್ ತುಳಿದಿಟ್ಟು ಸ, ಗ, ಪ ಮೂರನ್ನೂ ಬಡಿದಿದ್ದೀರಿ ಎಂದುಕೊಳ್ಳಿ, ಮೂರೂ ಮೊಳಗುತ್ತಿವೆ. ಈಗ ಗಾಂಧಾರದಿಂದ ರಿಷಭಕ್ಕೆ ಇಳಿಯಬೇಕು. ಬರೀ ರಿಷಭವನ್ನು ಬಡಿದರೆ ಹಳೆಯ ಗಾಂಧಾರ ಅದರ ಮಗ್ಗುಲಲ್ಲೇ ನಿಂತು ತಿಕ್ಕಾಡುತ್ತದೆ. ಆದ್ದರಿಂದ ಒಂದು ಕೋಲು ರಿಷಭದ ಮೇಲೆ ಬೀಳುವ ಅದೇ ಗಳಿಗೆಯಲ್ಲಿ ಇನ್ನೊಂದು ಕೋಲು ಗಾಂಧಾರದ ಮೇಲೆ ಕೂರಬೇಕು. ಕೂರಬೇಕು ಎಂಬ ಮಾತನ್ನು ಗಮನಿಸಿ. ಸ್ವಲ್ಪ ಜೋರಾಗಿ ತಾಗಿದರೂ ನಿಲ್ಲಿಸಲು ಹೋದ ಸ್ವರ ಮತ್ತೆ ಎದ್ದು ಕೂಗುತ್ತದೆ. ತೀರಾ ಹಗುರಾದರೆ ನಿಲ್ಲುವುದಿಲ್ಲ. ನಿದ್ದೆಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ಹದ ಬೇಕು. ಇಷ್ಟೆಲ್ಲ ಆಗುವಾಗ ಷಡ್ಜ, ಪಂಚಮ ಎರಡೂ ತಮ್ಮಷ್ಟಕ್ಕೆ ಮೊಳಗುತ್ತಲೇ ಇರುತ್ತವೆ.

ಬರ್ಟನ್ ಒಂದೊಂದು ಕೈಯಲ್ಲಿ ಎರಡೆರಡು ಕೋಲು ಹಿಡಿದು ನುಡಿಸುವ ವಿಧಾನವನ್ನು ಬೆಳೆಸಿದ. ಆ ಹಿಡಿತಕ್ಕೆ ಇಂದಿಗೂ ಆತನದೇ ಹೆಸರು. ಇದರಿಂದ ಬಡಿಯುವ ಕೋಲುಗಳಷ್ಟೇ ಮುಖ್ಯವಾಗಿ ನಿಲ್ಲಿಸುವ ಕೋಲುಗಳೂ ಸಿಕ್ಕವು. ಪಿಯಾನೊ ವಾದಕ ಚಿಕ್ ಕೊರಿಯಾ ಜೊತೆ 1972ರಲ್ಲಿ ಆತ ಧ್ವನಿಮುದ್ರಿಸಿದ ‘ಕ್ರಿಸ್ಟಲ್ ಸೈಲೆನ್ಸ್’ನಲ್ಲಿ ಇರುವುದು ಎರಡೇ ವಾದ್ಯ, ಎರಡೂ ಬಡಿದು ನುಡಿಸುವಂಥವು. ಪಿಯಾನೊದ ಸ್ವರಗಳು ಅಚ್ಚುಕಟ್ಟಾಗಿ ಮುಗಿಯುತ್ತಿರುವಾಗ ವೈಬ್ಸ್‌ನ ಸ್ವರಗಳು ಒಂದೊಂದಾಗಿ ಸಭೆಯಿಂದ ಎದ್ದು ಹೋಗುವುದನ್ನು ಅಲ್ಲಿ ಸ್ಪಷ್ಟವಾಗಿ ಕೇಳಬಹುದು.

ಸಿಹಿ ಹೆಚ್ಚಾಯಿತೇ? ಗಮಕ ಎಲ್ಲಿ?

ವೈಬ್ಸ್‌ನ ದನಿ ಬರೀ ಸಿಹಿ, ಹೋಟೆಲಿನ ಲಾಂಜಿನಲ್ಲಿ ಮಾತಿನ ಹಿನ್ನೆಲೆಗೆ ಹಾಕುವ ಸಂಗೀತ ಎಂಬ ದೂರು ಹಳೆಯದು. 1950ರ ದಶಕದಲ್ಲಿ ಮಾರ್ಟಿನ್ ಡೆನ್ನಿಯ ತಂಡ ಹಕ್ಕಿಯ ಕೂಗುಗಳ ನಡುವೆ ವೈಬ್ಸ್ ನುಡಿಸಿ ಜನಪ್ರಿಯಗೊಳಿಸಿದ ‘ಎಕ್ಸಾಟಿಕ’ ಶೈಲಿಯಿಂದ ಈ ಹೆಸರು ಇನ್ನಷ್ಟು ಅಂಟಿಕೊಂಡಿತು. ದೂರಿನಲ್ಲಿ ನಿಜವಿದೆ: ಇಷ್ಟು ನಯವಾದ ಸ್ವರವನ್ನು ಪೆಡಲ್ ತುಳಿದೇ ಬಿಟ್ಟರೆ ಪಾಕ ಕೈಗೆ ಅಂಟುತ್ತದೆ. ಆದರೆ ಎರಿಕ್ ಡಾಲ್ಫಿಯ 1964ರ ‘ಔಟ್ ಟು ಲಂಚ್’ ಕೇಳಿ. ಪಿಯಾನೊ ಇಲ್ಲದ ಆ ಐವರ ತಂಡದಲ್ಲಿ ಬಾಬಿ ಹಚರ್‌ಸನ್‌ನ ವೈಬ್ಸ್ ಮುರಿದ ಗಾಜಿನಂತೆ ಚೂಪು, ಒಣಗಿದ ಎಲೆಯಂತೆ ಬಿರುಸು. ಪಟ್ಟಿ ಅದೇ, ಲೋಹ ಅದೇ. ಬೇರೆಯಾದದ್ದು ಸ್ವರವನ್ನು ಎಲ್ಲಿ ಕತ್ತರಿಸಬೇಕೆಂಬ ತೀರ್ಮಾನ.

ನಮ್ಮ ಕಿವಿಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ಪಟ್ಟಿಯ ಶ್ರುತಿ ಕಾರ್ಖಾನೆಯಲ್ಲೇ ನಿಶ್ಚಯವಾಗಿರುವಾಗ ಜಾರು ಎಲ್ಲಿ, ಕಂಪಿತ ಎಲ್ಲಿ? ಗಮಕವಿಲ್ಲದ ಸ್ವರವನ್ನು ಸಂಗೀತ ಎನ್ನುವುದು ಹೇಗೆ? ಗಟ್ಟಿಯಾದ ಕೋಲಿನ ತಲೆಯನ್ನು ದಾರದ ತೂತಿನ ಬಳಿ ಒತ್ತಿ, ಮೊಳಗುತ್ತಿರುವ ಪಟ್ಟಿಯ ನಡುವಿನತ್ತ ಎಳೆದರೆ ಶ್ರುತಿ ಕೊಂಚ ಕೆಳಗೆ ಜಾರುತ್ತದೆ ನಿಜ; ಕೆಲವರು ಅದನ್ನು ಬಳಸುತ್ತಾರೆ. ಅದು ಒಗ್ಗರಣೆಯಷ್ಟೇ, ಅಡುಗೆಯಲ್ಲ. ವೈಬ್ಸ್ ವೀಣೆಯ ಕೆಲಸ ಮಾಡಲಾರದು ಎಂದು ಒಪ್ಪಿಕೊಳ್ಳುವುದೇ ಸರಿ. ಆದರೆ ಇದೇ ಮಾತನ್ನು ಒಂದು ಕಾಲದಲ್ಲಿ ಸಂತೂರಿಗೂ ಹೇಳಿದ್ದರು. ಮೀಂಡ್ ಎಂಬ ಜಾರು ಇಲ್ಲದ ವಾದ್ಯಕ್ಕೆ ರಾಗ ಒಲಿಯದು ಎಂಬ ಟೀಕೆಗೆ ಶಿವಕುಮಾರ ಶರ್ಮಾ ಉತ್ತರ ಕಂಡುಕೊಂಡದ್ದು ಸ್ವರವನ್ನು ಉಳಿಸುವ, ಒಂದರ ಅನುರಣನದೊಳಗೆ ಇನ್ನೊಂದನ್ನು ಬೆಸೆಯುವ ಕಸುಬಿನಲ್ಲಿ. ಬಡಿದು ನುಡಿಸುವ ವಾದ್ಯಗಳ ಸಂಪತ್ತು ಅಲ್ಲಿದೆ.

ಅನುರಣನ ಎಂಬ ಮಾತು ನಮ್ಮಲ್ಲಿ ಹಳೆಯದು. 13ನೇ ಶತಮಾನದಲ್ಲಿ ‘ಸಂಗೀತ ರತ್ನಾಕರ’ ಬರೆದ ಶಾರ್ಙ್ಗದೇವ, ಸ್ವರ ಎಂದರೆ ಮೊದಲು ಕೇಳಿದ ನಾದದ ಬೆನ್ನಿಗೇ ಮೂಡುವ, ಸ್ನಿಗ್ಧವಾದ ಅನುರಣನ ಎಂದು ಲಕ್ಷಣ ಹೇಳಿದ್ದಾನೆ. ಏಟು ಇನ್ನೂ ಸ್ವರವಲ್ಲ, ಏಟಿನ ನಂತರದ್ದು ಸ್ವರ. ಇಂಡಿಯಾನಾದಲ್ಲಿ ಉಕ್ಕಿನ ಪಟ್ಟಿಗೆ ಮೋಟಾರು ಕಟ್ಟಿದವರಿಗೆ ಈ ಗ್ರಂಥದ ಸುಳಿವೂ ಇರಲಿಕ್ಕಿಲ್ಲ. ಆದರೂ ಅವರ ವಾದ್ಯ ಹತ್ತಾರು ವರ್ಷ ಕೈಯಿಂದ ಕೈಗೆ ಸಾಗಿ, ಮೋಟಾರನ್ನು ನಿಲ್ಲಿಸಿ, ಪೆಡಲನ್ನು ಉಳಿಸಿಕೊಂಡು ಬಂದು ನಿಂತದ್ದು ಆ ಲಕ್ಷಣದ ಹತ್ತಿರಕ್ಕೇ.

ಮುಂದೆ ಎಲ್ಲಾದರೂ ಈ ದನಿ ಕೇಳಿಸಿದರೆ ಏಟನ್ನು ಎಣಿಸಬೇಡಿ. ಒಂದು ಸ್ವರವನ್ನು ಆರಿಸಿಕೊಂಡು ಅದು ಹೇಗೆ ಮುಗಿಯುತ್ತದೆ ಎಂದು ಹಿಂಬಾಲಿಸಿ. ತಾನಾಗಿ ಕರಗಿತೇ, ಪೆಡಲಿಗೆ ಸಿಕ್ಕಿ ಎಲ್ಲದರ ಜೊತೆ ಅಡಗಿತೇ, ಇಲ್ಲವೇ ಉಳಿದವು ಮೊಳಗುತ್ತಿರುವಾಗ ಅದೊಂದೇ ಮೆಲ್ಲಗೆ ಇಲ್ಲವಾಯಿತೇ? ಮೂರನೆಯದಾಗಿದ್ದರೆ, ಯಾರೋ ಅದರ ಮೇಲೆ ಕೋಲನ್ನು ಇಳಿಸಿಟ್ಟಿದ್ದಾರೆ. ಅಡುಗೆಮನೆಯಲ್ಲಿ ತಟ್ಟೆಯ ಮೇಲೆ ಅಂಗೈ ಇಡುವವರದ್ದೂ ಅದೇ ಕೈಚಳಕ. ಅಲ್ಲಿ ಮಗು ಏಳಬಾರದು, ಇಲ್ಲಿ ಪಕ್ಕದ ಸ್ವರ ಕೇಳಬೇಕು.